ವ್ಯಾಟ್ ಎಷ್ಟು ಎಂಬ ತಪ್ಪು ಪ್ರಶ್ನೆ

ಹೋದ ದೀಪಾವಳಿ ಕಳೆದು ವಾರವಾಗಿತ್ತು. ಅಕ್ಕನ ಮಗ ಒಂದು ಹೋಮ್ ಥಿಯೇಟರ್ ಹೊತ್ತುಕೊಂಡು ಬಂದ. ಕೊಂಡು ಇಪ್ಪತ್ತು ದಿನ ಆಗಿರಲಿಲ್ಲ, ಎಡಗಡೆಯ ಬಾಕ್ಸಿನಲ್ಲಿ ಧ್ವನಿ ಒಡೆಯತೊಡಗಿತ್ತು. “ಹನ್ನೆರಡು ಸಾವಿರ ವ್ಯಾಟ್ ಮಾವ ಇದು. ಬರೀ ಹಾಡು ಹಾಕಿದ್ದಕ್ಕೆ ಇಷ್ಟು ಬೇಗ ಹೋಗುತ್ತಾ?” ಎಂದು ಕೇಳಿದ. ರಟ್ಟಿನ ಡಬ್ಬದ ಮೇಲೆ ಆ 12,000 ಅಂಗೈ ಅಗಲಕ್ಕೆ ಅಚ್ಚಾಗಿತ್ತು.

ಯಂತ್ರವನ್ನು ಬೋರಲು ಹಾಕಿದೆ. ಹಿಂಬದಿಯಲ್ಲಿ, ಕರೆಂಟಿನ ವೈರು ಒಳಗೆ ಹೋಗುವ ತೂತಿನ ಪಕ್ಕ, ಕನ್ನಡಕ ಹಾಕಿದರೆ ಮಾತ್ರ ಓದಬಹುದಾದ ಚೀಟಿ: 230 ವೋಲ್ಟ್, 50 ಹರ್ಟ್ಸ್, 60 ವ್ಯಾಟ್. ಗೋಡೆಯಿಂದ 60 ವ್ಯಾಟ್ ಎಳೆದುಕೊಳ್ಳುವ ಡಬ್ಬ 12,000 ವ್ಯಾಟ್ ಎಲ್ಲಿಂದ ತಂದು ಕೊಡಬೇಕು? ಅಷ್ಟು ಪವರ್ ಬೇಕಿದ್ದರೆ ಆ ವೈರಿನಲ್ಲಿ 52 ಆಂಪಿಯರ್ ಹರಿಯಬೇಕು. ಆರು ಗೀಸರುಗಳನ್ನು ಒಟ್ಟಿಗೆ ಹಾಕಿದಂತೆ ಅದು. ಮನೆಯ ಫ್ಯೂಸು ಮೊದಲು ಹೋಗುತ್ತದೆ.

ಸ್ಕ್ರೂ ಬಿಚ್ಚಿದೆ. ಒಳಗೆ 12-0-12 ವೋಲ್ಟಿನ ಒಂದು ಟ್ರಾನ್ಸ್‌ಫಾರ್ಮರ್, 4,700 ಮೈಕ್ರೋಫ್ಯಾರಡಿನ ಎರಡು ಕೆಪಾಸಿಟರ್, ಅಲ್ಯೂಮಿನಿಯಂ ತಗಡಿಗೆ ಬಿಗಿದ ಎರಡು ಐಸಿ. ಡಬ್ಬದ ಮೇಲಿನ ಅಂಕಿ ಎಲ್ಲಿಂದ ಹುಟ್ಟಿರಬಹುದು ಎಂದು ಲೆಕ್ಕ ಹಾಕಿ ನೋಡಿದೆ. ಆ ಎರಡು ಕೆಪಾಸಿಟರ್ 16 ವೋಲ್ಟಿನಲ್ಲಿ ತುಂಬಿಟ್ಟುಕೊಳ್ಳುವ ಶಕ್ತಿ ಒಟ್ಟು 1.2 ಜೂಲ್. ಅಷ್ಟನ್ನೂ ಒಂದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದೊಳಗೆ ಸುರಿದುಬಿಟ್ಟರೆ, ಕಾಗದದ ಮೇಲೆ, ಸರಿಯಾಗಿ 12,000 ವ್ಯಾಟ್! ಸುರಿಯುವುದಕ್ಕೆ 750 ಆಂಪಿಯರ್ ಬೇಕು ಎಂಬುದನ್ನು ಕಾಗದ ಹೇಳುವುದಿಲ್ಲ. ಪಿಎಂಪಿಒ ಎಂದು ಕರೆಯುವ ಈ ಅಂಕಿಗೆ ಎಲ್ಲರೂ ಒಪ್ಪಿದ ಅಳತೆಯ ಕ್ರಮವೇ ಇಲ್ಲ. ಆದ್ದರಿಂದ ಯಾರು ಎಷ್ಟು ಬೇಕಾದರೂ ಬರೆದುಕೊಳ್ಳಬಹುದು.

ಎಡಗಡೆಯ ಸ್ಪೀಕರಿನ ಕೋನನ್ನು ನಾಲ್ಕು ಬೆರಳಿನಿಂದ ಸಮನಾಗಿ, ಮೆಲ್ಲಗೆ ಒತ್ತಿದೆ. ಕರಕರ ಎಂದಿತು. ಕೋನಿಗೆ ಅಂಟಿದ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಬಿಸಿಗೆ ಆಕಾರ ಕೆಟ್ಟು ಮ್ಯಾಗ್ನೆಟ್ಟಿನ ಸಂದಿಗೆ ಉಜ್ಜುತ್ತಿತ್ತು. ಹನ್ನೆರಡು ಸಾವಿರ ವ್ಯಾಟ್ ಇದೆ ಎಂಬ ನಂಬಿಕೆಯಿಂದ ಹುಡುಗ ವಾಲ್ಯೂಮಿನ ತಿರುಪನ್ನು ಕೊನೆಯವರೆಗೆ ತಿರುಗಿಸಿಟ್ಟಿದ್ದ. ಆ ನಂಬಿಕೆಯೇ ಸ್ಪೀಕರನ್ನು ಸುಟ್ಟಿತ್ತು.

ಆದರೆ ಪಿಎಂಪಿಒ ಸುಳ್ಳು ಎಂಬುದು ಈಗ ಬಹಳ ಜನಕ್ಕೆ ಗೊತ್ತು. ಅದನ್ನು ಬಯಲು ಮಾಡುವುದಕ್ಕೆ ಇಷ್ಟು ಉದ್ದ ಬರೆಯಬೇಕಿರಲಿಲ್ಲ. ನನ್ನ ತಕರಾರು ಇರುವುದು ತಿಳಿದವರ ಜೊತೆ. “ಪಿಎಂಪಿಒ ನೋಡಬೇಡಿ, ಆರ್‌ಎಂಎಸ್ ನೋಡಿ. ಡಿಸ್ಟಾರ್ಷನ್ ಸೊನ್ನೆಯ ಮುಂದೆ ಎಷ್ಟು ಸೊನ್ನೆ ಇದೆ ನೋಡಿ. ಡ್ಯಾಂಪಿಂಗ್ ಫ್ಯಾಕ್ಟರ್ ನೋಡಿ. ಅಂಕಿ ಒಳ್ಳೆಯದಿದ್ದರೆ ಧ್ವನಿ ಒಳ್ಳೆಯದಿರುತ್ತದೆ” ಎನ್ನುವವರ ಜೊತೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯ ಮುಂದೆ ನಿಂತು ಇದನ್ನು ಗಟ್ಟಿಯಾಗಿ ಹೇಳುವ ಇಂಜಿನಿಯರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ತೋರಿಸುವ ಅಂಕಿಗಳು ಸುಳ್ಳಲ್ಲ, ಅದೇ ಕಷ್ಟ. ಅವು ಆಂಪ್ಲಿಫೈಯರಿನ ಬಗ್ಗೆ ನಿಜ. ಅದರ ತಂತಿಗೆ ಕಟ್ಟಿದ ಸ್ಪೀಕರು ನಿಮ್ಮ ಮನೆಯಲ್ಲಿ ಹೇಗೆ ಹಾಡುತ್ತದೆ ಎಂಬುದರ ಬಗ್ಗೆ ಅವು ಬಾಯಿ ಬಿಡುವುದೇ ಇಲ್ಲ. ಬಾಯಿ ಬಿಡುವ ಅಂಕಿಗಳು ಬೇರೆ ಇವೆ. ಅವನ್ನು ನಾವು ಕೇಳುವುದಿಲ್ಲ, ಅಂಗಡಿಯವರು ಹೇಳುವುದಿಲ್ಲ.

ಆರ್‌ಎಂಎಸ್ ಎಂದು ಅವರು ಕರೆಯುವ, ನಿರಂತರವಾಗಿ ಸಿಗುವ ಪ್ರಾಮಾಣಿಕ ವ್ಯಾಟಿಗೂ ಒಂದು ಚರಿತ್ರೆಯಿದೆ. 1960ರ ದಶಕದಲ್ಲಿ ಅಮೆರಿಕದ ಕಂಪನಿಗಳು ‘ಮ್ಯೂಸಿಕ್ ಪವರ್’, ‘ಪೀಕ್ ಪವರ್’ ಎಂದು ತಮಗೆ ಇಷ್ಟ ಬಂದಂತೆ ಅಂಕಿ ಹಾಕುತ್ತಿದ್ದವು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಅದಕ್ಕೆ ಕಡಿವಾಣ ಹಾಕಿತು. ಎರಡೂ ಚಾನೆಲ್ ಒಟ್ಟಿಗೆ ನಡೆಯಬೇಕು, ಪವರ್ ನಿರಂತರವಾಗಿ ಬರಬೇಕು, ಎಷ್ಟು ಓಮ್, ಯಾವ ಫ್ರೀಕ್ವೆನ್ಸಿಯಿಂದ ಯಾವುದರವರೆಗೆ, ಎಷ್ಟು ಡಿಸ್ಟಾರ್ಷನ್ ಎಂಬುದನ್ನೆಲ್ಲ ಅಂಕಿಯ ಪಕ್ಕದಲ್ಲೇ ಹೇಳಬೇಕು. ಅಳೆಯುವ ಮೊದಲು ಹೇಳಿದ ಪವರಿನ ಮೂರನೇ ಒಂದು ಭಾಗದಲ್ಲಿ ಒಂದು ಗಂಟೆ ಓಡಿಸಿ ಬಿಸಿ ಮಾಡಿರಬೇಕಿತ್ತು. ಆಂಪ್ಲಿಫೈಯರಿಗೆ ಹೆಚ್ಚು ಬೆವರಿಳಿಯುವುದು ಸುಮಾರು ಆ ಮಟ್ಟದಲ್ಲಿಯೇ, ಹಾಗಾಗಿ ಅದು ಕಟುವಾದ ಪರೀಕ್ಷೆ. ಹಲವು ಕಂಪನಿಗಳ ಅಂಕಿ ರಾತ್ರೋರಾತ್ರಿ ಇಳಿಯಿತು. ಆಮೇಲೆ ಹೋಮ್ ಥಿಯೇಟರ್ ಕಾಲದಲ್ಲಿ ಸಂದು ಹುಡುಕಿಕೊಂಡರು. ಐದು ಚಾನೆಲ್ಲಿನ ಯಂತ್ರದಲ್ಲಿ ಒಂದೇ ಚಾನೆಲ್ ಓಡಿಸಿ, 1,000 ಹರ್ಟ್ಸ್ ಒಂದರಲ್ಲೇ, 10 ಪರ್ಸೆಂಟ್ ಡಿಸ್ಟಾರ್ಷನ್ನಿಗೆ ಅಳೆಯುವುದು. 1 ಪರ್ಸೆಂಟಿನಿಂದ 10 ಪರ್ಸೆಂಟಿಗೆ ಬಿಟ್ಟರೆ ಕಾಲು ಪಾಲಿಗಿಂತ ಹೆಚ್ಚು ವ್ಯಾಟ್ ಪುಕ್ಕಟೆ ಸಿಗುತ್ತದೆ. 2024ರಲ್ಲಿ ಕಮಿಷನ್ ನಿಯಮವನ್ನು ಮತ್ತೆ ಬಿಗಿ ಮಾಡಿತು: 8 ಓಮಿನಲ್ಲಿ, 20ರಿಂದ 20,000 ಹರ್ಟ್ಸ್ ಪೂರ್ತಿ, ಡಿಸ್ಟಾರ್ಷನ್ 1 ಪರ್ಸೆಂಟಿನ ಒಳಗೆ.

ಒಳ್ಳೆಯ ಕೆಲಸ. ನಮ್ಮಲ್ಲೂ ಅಂಥದ್ದು ಇದ್ದಿದ್ದರೆ ನನ್ನ ಸೋದರಳಿಯನ ಡಬ್ಬದ ಮೇಲೆ ಆ ಅಂಕಿ ಇರುತ್ತಿರಲಿಲ್ಲ. ಆದರೆ ಈ ಪರಮ ಪ್ರಾಮಾಣಿಕ ವ್ಯಾಟನ್ನೂ ಅಳೆಯುವುದು ಯಾವುದರ ಮೇಲೆ? ಟೇಬಲ್ಲಿನ ಮೇಲಿಟ್ಟ ಒಂದು ರೆಸಿಸ್ಟರಿನ ಮೇಲೆ. 8 ಓಮಿನ, ಬಿಸಿಯಾಗುವುದು ಬಿಟ್ಟು ಬೇರೇನೂ ಗೊತ್ತಿಲ್ಲದ, ಸದ್ದೇ ಮಾಡದ ಒಂದು ತುಂಡು. ಸ್ಪೀಕರ್ ಆ ಪರೀಕ್ಷೆಯ ಕೋಣೆಯೊಳಗೆ ಕಾಲೇ ಇಟ್ಟಿರುವುದಿಲ್ಲ.

ಮೊದಲು ವ್ಯಾಟನ್ನೇ ತೆಗೆದುಕೊಳ್ಳೋಣ. 50 ವ್ಯಾಟಿನದು ಬೇಡ, 100 ವ್ಯಾಟಿನದು ಕೊಡಿ ಎಂದು ಹೆಚ್ಚಿಗೆ ದುಡ್ಡು ಕೊಡುವವರು ಎರಡು ಪಟ್ಟು ಸದ್ದು ಬರುತ್ತದೆ ಎಂದುಕೊಂಡಿರುತ್ತಾರೆ. ಬರುವುದು 3 ಡೆಸಿಬಲ್. ಪಕ್ಕದಲ್ಲಿ ಕೂತು ಗಮನವಿಟ್ಟು ಕೇಳಿದರೆ “ಹೌದು, ಸ್ವಲ್ಪ ಜೋರಾಯ್ತು” ಎನ್ನುವಷ್ಟು. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ 10 ಡೆಸಿಬಲ್ ಏರಬೇಕು, ಅಂದರೆ 50 ವ್ಯಾಟ್ ಇದ್ದದ್ದು 500 ಆಗಬೇಕು. ಕಿವಿ ಹಾಗೆ ಇದೆ. ಅದಕ್ಕೆ ಯಾವ ಕಂಪನಿಯೂ ಏನೂ ಮಾಡಲಾರದು.

ಈಗ ಸ್ಪೀಕರಿನ ಕಡೆ ಬನ್ನಿ. 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಕೊಡುತ್ತದೆ ಎಂಬುದು ಅದರ ಸೆನ್ಸಿಟಿವಿಟಿ. ಮನೆಯ ಸ್ಪೀಕರುಗಳಲ್ಲಿ ಇದು 83ರಿಂದ 93ರವರೆಗೆ ಇರುತ್ತದೆ. ಮೊದಲಿನದಕ್ಕೂ ಕೊನೆಯದಕ್ಕೂ 10 ಡೆಸಿಬಲ್ ಅಂತರ. 93ರ ಸ್ಪೀಕರಿಗೆ 10 ವ್ಯಾಟ್ ಕೊಟ್ಟರೆ ಬರುವ ಸದ್ದು 83ರ ಸ್ಪೀಕರಿನಿಂದ ಬರಬೇಕಾದರೆ 100 ವ್ಯಾಟ್ ಬೇಕು. ಆಂಪ್ಲಿಫೈಯರಿಗಾಗಿ ಸಾಲ ಮಾಡಿ ಗಳಿಸುವ 3 ಡೆಸಿಬಲನ್ನು ತಪ್ಪು ಸ್ಪೀಕರ್ ಆರಿಸಿ ಮೂರು ಪಟ್ಟು ಕಳೆದುಕೊಳ್ಳಬಹುದು. ಆದರೂ ಅಂಗಡಿಯಲ್ಲಿ “ಸೆನ್ಸಿಟಿವಿಟಿ ಎಷ್ಟು?” ಎಂದು ಕೇಳಿ ನೋಡಿ. ಹುಡುಗ ಡಬ್ಬ ತಿರುಗಿಸುತ್ತಾನೆ, ಒಳಗೆ ಹೋಗಿ ಯಜಮಾನರನ್ನು ಕೇಳುತ್ತಾನೆ, ಬಂದು “200 ವ್ಯಾಟ್ ಸಾರ್” ಎನ್ನುತ್ತಾನೆ.

ಆ 200 ವ್ಯಾಟ್ ಎಂಬುದನ್ನು ಜನ ಸ್ಪೀಕರು ಕೊಡುವ ಸದ್ದು ಎಂದುಕೊಂಡಿದ್ದಾರೆ. ಅದು ಸ್ಪೀಕರು ತಡೆದುಕೊಳ್ಳಬಲ್ಲ ಬಿಸಿ. ಮನೆಯ ಸ್ಪೀಕರಿಗೆ ಹೋದ ಪವರಿನಲ್ಲಿ ಸದ್ದಾಗಿ ಹೊರಬರುವುದು ಹೆಚ್ಚುಕಡಿಮೆ ನೂರರಲ್ಲಿ ಒಂದು ಪಾಲು. ಮಿಕ್ಕಿದ್ದೆಲ್ಲ ವಾಯ್ಸ್ ಕಾಯಿಲ್ಲಿನಲ್ಲಿ ಶಾಖ. ಬಿಸಿಯಾದ ತಾಮ್ರ ಸುಮ್ಮನಿರುವುದಿಲ್ಲ, ಒಂದೊಂದು ಡಿಗ್ರಿಗೆ ಅದರ ರೆಸಿಸ್ಟೆನ್ಸ್ 0.39 ಪರ್ಸೆಂಟ್ ಏರುತ್ತದೆ. ಜೋರಾಗಿ ಬಾರಿಸುವಾಗ ಕಾಯಿಲ್ 200 ಡಿಗ್ರಿ ಮೇಲೇರಿತು ಎನ್ನಿ, 6 ಓಮ್ ಇದ್ದದ್ದು ಹತ್ತೂವರೆ ದಾಟುತ್ತದೆ. ಅದೇ ವೋಲ್ಟೇಜಿಗೆ ಕರೆಂಟು ಕಡಿಮೆ ಹರಿಯುತ್ತದೆ, ಸದ್ದು 3 ಡೆಸಿಬಲಿಗೂ ಹೆಚ್ಚು ಕುಗ್ಗುತ್ತದೆ. ಅಂದರೆ ಎರಡು ಪಟ್ಟು ವ್ಯಾಟಿನ ಆಂಪ್ಲಿಫೈಯರ್ ಕೊಂಡು ಗಳಿಸಿದ್ದನ್ನು ಸ್ಪೀಕರಿನ ಬಿಸಿಯೇ ನುಂಗಿಬಿಡುತ್ತದೆ. ಆಂಪ್ಲಿಫೈಯರಿನ ಪಟ್ಟಿಯಲ್ಲಿ ಇದರ ಸುಳಿವೂ ಇರುವುದಿಲ್ಲ.

ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದೆ. ನಂಬಿಕೆ ಬಂದದ್ದು ನಮ್ಮ ಮನೆಯ ನಡುಮನೆಯಲ್ಲಿ. ಒಂದು ಭಾನುವಾರ ಬೆಳಿಗ್ಗೆ ವೀಣೆಯ ರೆಕಾರ್ಡಿಂಗ್ ಹಾಕಿ, ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಎರಡು ಮುಳ್ಳನ್ನು ಸ್ಪೀಕರಿನ ಹಿಂದಿನ ತಿರುಪುಗಳಿಗೆ ಸಿಕ್ಕಿಸಿ ನೆಲದ ಮೇಲೆ ಕೂತೆ. ಆಂಪ್ಲಿಫೈಯರ್ 40 ವ್ಯಾಟಿನದು. ನಾವು ದಿನಾ ಕೇಳುವ ಮಟ್ಟದಲ್ಲಿ ಮೀಟರು ಅರ್ಧ ವೋಲ್ಟಿನ ಆಚೀಚೆ ಅಲುಗುತ್ತಿತ್ತು. ಏರಿಸುತ್ತಾ ಹೋದೆ. 1 ವೋಲ್ಟ್ ದಾಟಿತು. 2 ವೋಲ್ಟಿನ ಹತ್ತಿರ ಬಂದಾಗ ಅಡುಗೆಮನೆಯಿಂದ ಅಮ್ಮ, “ಸ್ವಲ್ಪ ಸಣ್ಣ ಮಾಡೋ, ಕುಕ್ಕರ್ ಕೂಗಿದ್ದು ಕೇಳಿಸ್ತಿಲ್ಲ” ಎಂದು ಕೂಗಿದರು. 2 ವೋಲ್ಟನ್ನು ಅದರಿಂದಲೇ ಗುಣಿಸಿ 8ರಿಂದ ಭಾಗಿಸಿ: ಅರ್ಧ ವ್ಯಾಟ್. ಮನೆಯ ಆ ಕೊನೆಯಲ್ಲಿದ್ದವರಿಗೆ ಸಾಕು ಅನ್ನಿಸಿದ್ದು ಅರ್ಧ ವ್ಯಾಟಿಗೆ. ಮಲ್ಟಿಮೀಟರು ಎಲ್ಲ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಯಾರು ಬೇಕಾದರೂ ಮನೆಯಲ್ಲಿ ಮಾಡಿ ನೋಡಬಹುದು.

ಹಳಬರಿಗೆ ಇದು ಹೊಸದಲ್ಲ. ಜಾಲಹಳ್ಳಿಯ ಬಿಇಎಲ್ಲಿನಲ್ಲಿ ರೇಡಿಯೋ ವಾಲ್ವು ತಯಾರಾಗುತ್ತಿದ್ದ ಕಾಲದ ದೊಡ್ಡ ಮರದ ರೇಡಿಯೋ ನೆನಪಿಸಿಕೊಳ್ಳಿ. ಇಎಲ್84ರಂಥ ಒಂದೇ ಒಂದು ಔಟ್‌ಪುಟ್ ವಾಲ್ವು, ಹೆಚ್ಚೆಂದರೆ ನಾಲ್ಕೈದು ವ್ಯಾಟ್. ಜಗಲಿಯಲ್ಲಿ ಇಟ್ಟರೆ ವಾರ್ತೆ ಬೀದಿಗೆಲ್ಲ ಕೇಳುತ್ತಿತ್ತು. ಅದರ ಸ್ಪೀಕರಿನ ಕೋನು ಅಗಲ, ಕಾಗದ ತೆಳು, ಪೆಟ್ಟಿಗೆ ದೊಡ್ಡದು. ಇವತ್ತಿನ ಅಂಗೈಯಗಲದ ಬಾಕ್ಸಿಗೆ ಅದು ಆಗದು. ಪೆಟ್ಟಿಗೆ ಚಿಕ್ಕದಿರಬೇಕು, ಬೇಸ್ ಆಳಕ್ಕೆ ಇಳಿಯಬೇಕು, ಕಡಿಮೆ ಪವರಿಗೆ ಜೋರಾಗಿ ಕೇಳಬೇಕು, ಈ ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ಕೆಎಲ್‌ಎಚ್ ಕಂಪನಿಯ ಮೂವರು ಸ್ಥಾಪಕರಲ್ಲಿ ಒಬ್ಬರಾದ ಜೆ. ಆಂಟನ್ ಹಾಫ್‌ಮನ್ ಅವರ ಹೆಸರಿಟ್ಟು, ಇದನ್ನು ಸ್ಪೀಕರ್ ಕಟ್ಟುವವರು ‘ಹಾಫ್‌ಮನ್ನರ ಕಬ್ಬಿಣದ ನಿಯಮ’ ಎಂದೇ ಕರೆಯುತ್ತಾರೆ. ಬಿಬಿಸಿಯವರು 1970ರ ದಶಕದಲ್ಲಿ ತಮ್ಮ ಪ್ರಸಾರದ ವ್ಯಾನುಗಳಿಗೆಂದು ಮಾಡಿಕೊಂಡ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರಿನ ಕಂಠ ಇಂದಿಗೂ ಜನ ಹುಡುಕಿಕೊಂಡು ಹೋಗುವಷ್ಟು ಚೆಂದ. ಅದರ ಸೆನ್ಸಿಟಿವಿಟಿ ಮಾತ್ರ 83 ಡೆಸಿಬಲಿನ ಹತ್ತಿರ. ಪುಟ್ಟ ಪೆಟ್ಟಿಗೆಗೆ ಅದು ತೆತ್ತ ಬೆಲೆ. ಇತ್ತ 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ವಾರ್ಫ್‌ಡೇಲ್ ಸ್ಪೀಕರ್ ಕಂಪನಿಯ ಗಿಲ್ಬರ್ಟ್ ಬ್ರಿಗ್ಸ್ ತಮ್ಮ ದೊಡ್ಡ ಸ್ಪೀಕರುಗಳನ್ನು ಪೀಟರ್ ವಾಕರರ ಕ್ವಾಡ್ ಆಂಪ್ಲಿಫೈಯರುಗಳಿಗೆ ಕಟ್ಟಿ, ಸಾವಿರಾರು ಜನರ ಮುಂದೆ ರೆಕಾರ್ಡನ್ನೂ ನಿಜವಾದ ವಾದ್ಯವನ್ನೂ ಒಂದಾದಮೇಲೊಂದು ಕೇಳಿಸಿದರು. ಆ ಕಾಲದ ಕ್ವಾಡ್ ಆಂಪ್ಲಿಫೈಯರು ತಲಾ 15 ವ್ಯಾಟಿನದು.

ಇನ್ನು ಆ ರೆಸಿಸ್ಟರಿನ ವಿಷಯ. 8 ಓಮಿನ ರೆಸಿಸ್ಟರ್ ಬೆಳಿಗ್ಗೆಯೂ 8 ಓಮ್, ಸಂಜೆಯೂ 8 ಓಮ್. 8 ಓಮ್ ಎಂದು ಬರೆದ ಸ್ಪೀಕರು ಹಾಗಲ್ಲ. ವೂಫರ್ ತನ್ನ ಸಹಜ ಕಂಪನದ ಹತ್ತಿರ 30-40 ಓಮಿಗೆ ಏರುತ್ತದೆ, ವೂಫರಿನಿಂದ ಟ್ವೀಟರಿಗೆ ಸ್ವರ ದಾಟುವ ಕ್ರಾಸ್‌ಓವರಿನ ಸುತ್ತಮುತ್ತ ಎಲ್ಲೋ 4 ಓಮಿಗೆ ಜಾರುತ್ತದೆ, ಟ್ರೆಬಲ್ಲಿನ ಕಡೆ ಮತ್ತೆ ಏರುತ್ತದೆ. ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡದ ಪ್ರಕಾರ 8 ಓಮ್ ಎಂದು ಹೇಳಿಕೊಳ್ಳುವ ಸ್ಪೀಕರು ಎಲ್ಲಿಯೂ 6.4ರ ಕೆಳಗೆ ಇಳಿಯಬಾರದು. ಮಾರುಕಟ್ಟೆಯಲ್ಲಿ ಇದನ್ನು ಮೀರಿದವು ಬೇಕಾದಷ್ಟಿವೆ. ಓಮ್ ಇಳಿದಾಗ ಆಂಪ್ಲಿಫೈಯರ್ ಕರೆಂಟು ಕೊಡಬೇಕು. ಟ್ರಾನ್ಸ್‌ಫಾರ್ಮರಿನಲ್ಲಿ ತೂಕವಿಲ್ಲದಿದ್ದರೆ 8 ಓಮಿನಲ್ಲಿ 100 ವ್ಯಾಟ್ ತೋರಿಸಿದ ಯಂತ್ರ 4 ಓಮಿನಲ್ಲಿ ಉಸಿರು ಬಿಡುತ್ತದೆ. 1978ರಲ್ಲಿ ಬಂದ ನ್ಯಾಡ್ 3020 ಪಟ್ಟಿಯಲ್ಲಿ ಬರೀ 20 ವ್ಯಾಟಿನದು. ಆದರೆ ಓಮ್ ಇಳಿದ ಸ್ಪೀಕರಿಗೆ ಕ್ಷಣಕಾಲ ಅದರ ಎರಡು ಮೂರು ಪಟ್ಟು ಕೊಡುವಂತೆ ಕಟ್ಟಿದ್ದರು. ಅಗ್ಗದ, ನೋಡಲು ಸಾದಾ ಆದ ಆ ಡಬ್ಬ ದೊಡ್ಡ ಅಂಕಿಯವುಗಳ ಎದುರು ಹೆಸರು ಮಾಡಿದ್ದಕ್ಕೆ ಕಾರಣ ಅದು. ‘20’ ಎಂಬ ಅಂಕಿ ಅದರ ಗುಣವನ್ನು ಮುಚ್ಚಿಟ್ಟಿತ್ತು.

ಡಿಸ್ಟಾರ್ಷನ್ನಿನ ಸೊನ್ನೆಗಳ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. 0.01 ಪರ್ಸೆಂಟಿನ ಆಂಪ್ಲಿಫೈಯರ್ ಬಿಟ್ಟು 0.001ರದ್ದಕ್ಕೆ ಹೆಚ್ಚು ಹಣ ಕೊಡುವವರು ಅದನ್ನು ಕಟ್ಟುವ ಸ್ಪೀಕರು ತಾನೇ ಎಷ್ಟು ಡಿಸ್ಟಾರ್ಷನ್ ಸೇರಿಸುತ್ತದೆ ಎಂದು ಕೇಳಬೇಕು. ನಡುಸ್ವರಗಳಲ್ಲಿ ಅರ್ಧ, ಒಂದು ಪರ್ಸೆಂಟ್. ಜೋರಾದ ಬೇಸಿನಲ್ಲಿ ಐದು ದಾಟಿದರೂ ಆಶ್ಚರ್ಯವಿಲ್ಲ. 1978ರಲ್ಲಿ ಜೇಮ್ಸ್ ಮೊಯರ್ ಎಂಬ ಇಂಜಿನಿಯರ್ ಇಂಗ್ಲೆಂಡಿನಲ್ಲಿ ಕ್ವಾಡಿನ ವಾಲ್ವ್ ಆಂಪ್ಲಿಫೈಯರನ್ನೂ ಎರಡು ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನೂ, ಯಾವುದು ಎಂದು ಹೇಳದೆ, ಪಳಗಿದ ಕೇಳುಗರ ಮುಂದಿಟ್ಟರು. ಮೂರರ ಪಟ್ಟಿಯ ಅಂಕಿಗಳೂ ಬೇರೆ ಬೇರೆ. ಕೇಳುಗರಿಗೆ ಖಚಿತವಾಗಿ ಗುರುತಿಸಲಾಗಲಿಲ್ಲ.

ಡ್ಯಾಂಪಿಂಗ್ ಫ್ಯಾಕ್ಟರಿನ ಲೆಕ್ಕವನ್ನು ಮಾತ್ರ ಪೂರ್ತಿ ಹಾಕಿ ತೋರಿಸಬೇಕು. ಅದರ ಹೆಸರಿನಲ್ಲಿ ಬಹಳ ದುಡ್ಡು ಹೋಗುತ್ತಿದೆ. ‘500’ ಎಂದು ಬರೆದಿದ್ದರೆ ಆಂಪ್ಲಿಫೈಯರಿನ ಒಳಗಿನ ರೆಸಿಸ್ಟೆನ್ಸ್ 8ನ್ನು 500ರಿಂದ ಭಾಗಿಸಿದಷ್ಟು, ಅಂದರೆ 0.016 ಓಮ್. ಕೋನು ತನ್ನಷ್ಟಕ್ಕೆ ತೂಗಾಡದಂತೆ ಆಂಪ್ಲಿಫೈಯರ್ ಬಿಗಿ ಹಿಡಿಯುತ್ತದೆ, ಬೇಸ್ ಗಟ್ಟಿಯಾಗಿ ಬರುತ್ತದೆ ಎಂಬುದು ವಾದ. ಈಗ ಸ್ಪೀಕರಿಗೆ 10 ಮೀಟರ್ ವೈರ್ ಎಳೆಯಿರಿ. ಮನೆಯ ವೈರಿಂಗಿಗೆ ಬಳಸುವ 2.5 ಸ್ಕ್ವೇರ್ ಎಂಎಂ ತಾಮ್ರದ್ದೇ ಆಗಲಿ. ಹೋಗಿ ಬರುವ 20 ಮೀಟರಿಗೆ ಸುಮಾರು 0.15 ಓಮ್. 500 ಇದ್ದದ್ದು 50ರ ಕೆಳಗೆ ಬಂತು. ಡಬ್ಬದ ಜೊತೆ ಕೊಡುವ ತೆಳು ವೈರಾದರೆ 16ರ ಹತ್ತಿರ. ಇಷ್ಟೇ ಅಲ್ಲ, ಕೋನನ್ನು ಹಿಡಿಯುವ ಕರೆಂಟು ವಾಯ್ಸ್ ಕಾಯಿಲ್ಲಿನ ಸ್ವಂತ 6 ಓಮಿನ ಮೂಲಕವೇ ಹರಿಯಬೇಕು. 6 ಓಮಿನ ಪಕ್ಕದಲ್ಲಿ 0.016 ಇದ್ದರೇನು, 0.05 ಇದ್ದರೇನು? ಕೋನಿಗೆ ಗೊತ್ತೇ ಆಗುವುದಿಲ್ಲ. ಅಂಕಿ 20 ದಾಟಿದ ಮೇಲೆ 200, 500, 1,000 ಎಂಬುದೆಲ್ಲ ಕೊಳ್ಳುವವನ ಕಣ್ಣಿಗಾಗಿ ಬರೆದದ್ದು.

ಇದಕ್ಕೆ ಎದುರುವಾದ ಇದೆ. ಅದು ಹುರುಳಿಲ್ಲದ್ದಲ್ಲ. ನನ್ನ ಮಲ್ಟಿಮೀಟರು ತೋರಿಸಿದ್ದು ಸರಾಸರಿ. ವೀಣೆಯ ಹಿಂದೆ ಮೃದಂಗದ ಒಂದು ಪೆಟ್ಟು ಬಿದ್ದರೆ ಆ ಕ್ಷಣದ ತುದಿ ಸರಾಸರಿಗಿಂತ 20 ಡೆಸಿಬಲ್ ಮೇಲಿರಬಹುದು. 20 ಡೆಸಿಬಲ್ ಅಂದರೆ ನೂರು ಪಟ್ಟು. ಅರ್ಧ ವ್ಯಾಟಿನ ಸಂಗೀತದ ಆ ಒಂದು ಪೆಟ್ಟಿಗೆ 50 ವ್ಯಾಟ್ ಬೇಕು. ಸಿಗದಿದ್ದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಪೆಟ್ಟು ಮೊಂಡಾಗುತ್ತದೆ. ಹೀಗೆ ಕತ್ತರಿಸಿದ ಅಲೆಯಲ್ಲಿ ಸರಾಸರಿ ಪವರೂ ಮೇಲಿನ ಸ್ವರಗಳ ಪಾಲೂ ಏರುವುದರಿಂದ ಮೊದಲು ಸುಡುವುದು ಟ್ವೀಟರ್. ಚಿಕ್ಕ ಆಂಪ್ಲಿಫೈಯರ್ ದೊಡ್ಡ ಸ್ಪೀಕರನ್ನು ಸುಡುವುದು ಹೀಗೆಯೇ. ಆದ್ದರಿಂದ ಪವರ್ ಬೇಡ ಎಂದು ನಾನು ಹೇಳುತ್ತಿಲ್ಲ. ಎಷ್ಟು ಪವರ್ ಬೇಕು ಎಂಬುದಕ್ಕೆ ಉತ್ತರ ಸ್ಪೀಕರಿನ ಸೆನ್ಸಿಟಿವಿಟಿ, ಕೂರುವ ದೂರ, ಕೇಳುವ ಸಂಗೀತ ಈ ಮೂರನ್ನೂ ಹಿಡಿದು ಹಾಕುವ ಲೆಕ್ಕದಲ್ಲಿದೆ. ಆಂಪ್ಲಿಫೈಯರಿನ ಡಬ್ಬ ಒಂದನ್ನೇ ದಿಟ್ಟಿಸಿದರೆ ಅದು ಸಿಗುವುದಿಲ್ಲ.

ಹಾಗೆಯೇ ಆಂಪ್ಲಿಫೈಯರುಗಳೆಲ್ಲ ಒಂದೇ ಎಂಬ ಮಾತೂ ಒಪ್ಪತಕ್ಕದ್ದಲ್ಲ. ಕೆಲವು ವಾಲ್ವ್ ಆಂಪ್ಲಿಫೈಯರುಗಳ ಒಳಗಿನ ರೆಸಿಸ್ಟೆನ್ಸ್ 2 ಓಮ್ ಇರುತ್ತದೆ. ಸ್ಪೀಕರು ಒಂದು ಕಡೆ 40 ಓಮ್, ಇನ್ನೊಂದು ಕಡೆ 5 ಓಮ್ ತೋರಿಸಿದರೆ ಆ ಎರಡು ಜಾಗಗಳ ನಡುವೆ ಎರಡೂವರೆ ಡೆಸಿಬಲ್ ಏರುಪೇರಾಗುತ್ತದೆ, ಅದು ಕಿವಿಗೆ ಖಂಡಿತ ಗೊತ್ತಾಗುತ್ತದೆ. ಆದರೆ ಗಮನಿಸಿ, ಆ ಏರುಪೇರು ಹುಟ್ಟಿದ್ದು ಎರಡೂ ಸೇರಿದಾಗ. ಅದೇ ಆಂಪ್ಲಿಫೈಯರ್ ಇನ್ನೊಂದು ಸ್ಪೀಕರಿನ ಜೊತೆ ಇನ್ನೊಂದು ಬಣ್ಣದಲ್ಲಿ ಕೇಳಿಸುತ್ತದೆ.

ಇನ್ನೊಂದು ಪಂಗಡದವರು ಇದನ್ನೆಲ್ಲ ಕೇಳಿ “ನಾವು ಮೊದಲೇ ಹೇಳಿರಲಿಲ್ಲವೇ, ಅಂಕಿಗಳಿಗೆ ಅರ್ಥವಿಲ್ಲ, ಕಿವಿಯೇ ಸಾಕ್ಷಿ” ಎನ್ನುತ್ತಾರೆ. ಅವರ ಜೊತೆಗೂ ನಾನಿಲ್ಲ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ 1980ರ ದಶಕದಲ್ಲಿ ಕೇಳುಗರನ್ನು ಪರದೆಯ ಮುಂದೆ ಕೂರಿಸಿ ಸ್ಪೀಕರುಗಳಿಗೆ ಅಂಕ ಕೊಡಿಸಿದರು. ಯಾವ ಕಂಪನಿ, ಎಷ್ಟು ಬೆಲೆ ಎಂಬುದು ಕಾಣದಿದ್ದಾಗ ಜನರ ಅಭಿಪ್ರಾಯ ಅಚ್ಚರಿಯಾಗುವಷ್ಟು ಒಂದೇ ಆಗಿತ್ತು. ನೇರಕ್ಕೆ ಸಮನಾದ, ಪಕ್ಕಗಳಿಗೆ ನಯವಾಗಿ ಇಳಿಯುವ ಸದ್ದು ಕೊಡುವ ಸ್ಪೀಕರನ್ನೇ ಅವರು ಮೆಚ್ಚಿದರು. ಅದೇ ದಾರಿಯಲ್ಲಿ ಶಾನ್ ಆಲಿವ್ ಎಂಬ ಸಂಶೋಧಕರು 2004ರಲ್ಲಿ 70 ಸ್ಪೀಕರುಗಳ ಅಳತೆಗಳಿಂದಲೇ ಜನರ ಮೆಚ್ಚುಗೆಯನ್ನು ಮೊದಲೇ ಊಹಿಸುವ ಸೂತ್ರ ಕಟ್ಟಿದರು. ಊಹೆಗೂ ನಿಜವಾದ ಅಂಕಗಳಿಗೂ ಇದ್ದ ಹೊಂದಾಣಿಕೆ 0.86. ಇವತ್ತು ಸ್ಪೀಕರನ್ನು ಅಡ್ಡಕ್ಕೂ ಉದ್ದಕ್ಕೂ ಹತ್ತು ಹತ್ತು ಡಿಗ್ರಿ ತಿರುಗಿಸಿ 70 ಕೋನಗಳಲ್ಲಿ ಅಳೆಯುವ ಮಾನದಂಡವೇ ಇದೆ. ಅಂಕಿಗಳು ಧ್ವನಿಯ ಬಗ್ಗೆ ಮಾತಾಡಬಲ್ಲವು. ಆದರೆ ಆಲಿವ್ ಅವರ ಸೂತ್ರದೊಳಗೆ ಹೋಗುವ ಅಂಕಿಗಳಲ್ಲಿ ಆಂಪ್ಲಿಫೈಯರಿಗೆ ಸಂಬಂಧಿಸಿದ್ದು ಒಂದೂ ಇಲ್ಲ.

ಆಮೇಲೆ ಕೋಣೆ. ಇಟ್ಟಿಗೆ ಗೋಡೆ, ಸಿಮೆಂಟ್ ಗಾರೆ, ಹೊಳೆಯುವ ಟೈಲ್ಸು, ಗಾಜಿನ ಕಿಟಕಿ, ಕಾಂಕ್ರೀಟ್ ಸೂರು: ಇವತ್ತಿನ ನಮ್ಮ ಮನೆಗಳಲ್ಲಿ ಸದ್ದನ್ನು ಹೀರಿಕೊಳ್ಳುವುದು ಸೋಫಾ ಮತ್ತು ಪರದೆ ಬಿಟ್ಟರೆ ಏನೂ ಇಲ್ಲ. 12 ಅಡಿ ಉದ್ದದ ಕೋಣೆ 47 ಹರ್ಟ್ಸಿನ ಹತ್ತಿರ ತಾನೇ ಗುಂಯ್‌ಗುಟ್ಟುತ್ತದೆ. ಕೂರುವ ಜಾಗ ಎರಡು ಅಡಿ ಬದಲಾದರೆ ಅಲ್ಲಿ 10 ಡೆಸಿಬಲ್ ಏರುಪೇರಾಗಬಹುದು. ಅರ್ಧ ಡೆಸಿಬಲ್ ಆಚೀಚೆ ಆಗದ ಆಂಪ್ಲಿಫೈಯರ್ ಎಂದು ಹೆಮ್ಮೆಯಿಂದ ತಂದು ಈ ಕೋಣೆಯಲ್ಲಿ ಇಡುತ್ತೇವೆ. ಸೋದರಳಿಯನ ಮನೆಗೆ ಹೋಗಿ ನೋಡಿದರೆ ಸಬ್‌ವೂಫರು ಟಿವಿ ಶೋಕೇಸಿನ ಮೂಲೆಯ ಗೂಡಿನೊಳಗೆ ಕೂತಿತ್ತು. ಹೊರಗೆಳೆದು, ಮೂಲೆಯಿಂದ ಮೂರಡಿ ಈಚೆಗೆ ತಂದಿಟ್ಟೆ. ಸುಟ್ಟ ಸ್ಪೀಕರಿನ ಬದಲಿಗೆ ಸೆನ್ಸಿಟಿವಿಟಿ ನೋಡಿ ಒಂದು ಜೊತೆ ಬೇರೆ ಹಾಕಿದೆ. “ಮಾವ, ಈಗ ಮಾತೆಲ್ಲ ಬಿಡಿಬಿಡಿಯಾಗಿ ಕೇಳ್ತಿದೆ” ಎಂದ ಅವನ ಕೈ ತಿರುಪಿನ ಕಡೆ ಹೋಗಲಿಲ್ಲ.

ಈ ವ್ಯಾಟಿನ ಹುಚ್ಚು ಮನೆಯೊಳಗೆ ನಿಂತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಗಣೇಶನ ಪೆಂಡಾಲಿನ ಹುಡುಗರು ಚಂದಾ ಎತ್ತುವಾಗಲೇ “ಈ ಸಲ ಇಪ್ಪತ್ತು ಸಾವಿರ ವ್ಯಾಟ್” ಎನ್ನುತ್ತಾರೆ. ಶಬ್ದಮಾಲಿನ್ಯದ 2000ದ ನಿಯಮ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಎನ್ನುತ್ತದೆ. ಕಾನೂನು ಕೇಳುವುದು ಡೆಸಿಬಲ್, ಏಕೆಂದರೆ ಕಿವಿಗೆ ತಲುಪುವುದು ಅದು. ಪಕ್ಕದ ಮನೆಯ ಎಳೆಗೂಸಿನ ನಿದ್ದೆ ಕೆಡಿಸುವುದೂ ಅದೇ.

ಕರಾವಳಿಯ ಒಂದು ಬಯಲಾಟದಲ್ಲಿ ಕಂಡದ್ದನ್ನು ಹೇಳಬೇಕು. ಗದ್ದೆಯಲ್ಲಿ ರಂಗಸ್ಥಳ, ಬಿದಿರಿನ ಕಂಬಕ್ಕೆ ಕಟ್ಟಿದ ಎರಡು ಹಾರ್ನು. ಮೈಕ್ ಸೆಟ್ಟಿನವರು ಐವತ್ತು ದಾಟಿದ ಮನುಷ್ಯ, ಪಕ್ಕದಲ್ಲಿ ಅವರ ಹಳೆಯ ಆಂಪ್ಲಿಫೈಯರು. ಹಾರ್ನಿಗೆ 1 ವ್ಯಾಟ್ ಕೊಟ್ಟರೆ 1 ಮೀಟರಿನಲ್ಲಿ 108 ಡೆಸಿಬಲ್ ಇರುತ್ತದೆ ಎನ್ನಿ. ದೂರ ಎರಡು ಪಟ್ಟಾದಂತೆ 6 ಡೆಸಿಬಲ್ ಇಳಿದು, 32 ಮೀಟರ್ ಆಚೆಗೆ 30 ಕಳೆದು 78 ಉಳಿಯುತ್ತದೆ. 32 ವ್ಯಾಟ್ ಕೊಟ್ಟರೆ 93. ಅದೇ ದೂರಕ್ಕೆ ಅಷ್ಟೇ ಸದ್ದನ್ನು 85 ಡೆಸಿಬಲಿನ ಮನೆಯ ಸ್ಪೀಕರಿನಿಂದ ಮುಟ್ಟಿಸಬೇಕಾದರೆ 6,000 ವ್ಯಾಟ್ ದಾಟಬೇಕು. ಅದರೊಳಗೆ ಆ ಸ್ಪೀಕರು ಬೂದಿ. ಹಾರ್ನಿನಲ್ಲಿ ಮದ್ದಳೆಯ ಆಳದ ನಾದ ಬರುವುದಿಲ್ಲ ನಿಜ. ಆದರೆ ಭಾಗವತರ ಪದವೂ ಚೆಂಡೆಯ ಬಿಡಿತವೂ ಅರ್ಥದ ಮಾತೂ ಗದ್ದೆಯ ಕೊನೆಗೆ ಮುಟ್ಟುತ್ತವೆ.

ಅವತ್ತು ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ಬಂದು, “ಮಾತು ಸಮ ಕೇಳುವುದಿಲ್ಲ ಮಾರಾಯ್ರೇ, ಸ್ವಲ್ಪ ಜೋರು ಮಾಡಿ” ಎಂದರು. ಮೈಕ್ ಸೆಟ್ಟಿನವರು ಅವರ ಜೊತೆಗೇ ಹಿಂದಿನವರೆಗೆ ನಡೆದು ಹೋಗಿ, ಅಲ್ಲಿ ನಿಂತು ಕೇಳಿ, ವಾಪಸು ಬಂದು ಏಣಿ ಹತ್ತಿದರು. ಬಲಗಡೆಯ ಹಾರ್ನಿನ ನಟ್ಟು ಸಡಿಲಿಸಿ, ಬಾಯಿಯನ್ನು ನಾಲ್ಕು ಬೆರಳಿನಷ್ಟು ಕೆಳಕ್ಕೆ ಬಾಗಿಸಿ, ಮತ್ತೆ ಬಿಗಿದು ಇಳಿದರು. ಹಿರಿಯರು ತಮ್ಮ ಚಾಪೆಯಲ್ಲಿ ಕೂತು ಅಲ್ಲಿಂದಲೇ ಕೈ ಎತ್ತಿ, ಸರಿಯಾಯಿತು ಎಂದು ಸನ್ನೆ ಮಾಡಿದರು.